ಗೊರಸಿನೊಳಗಿನ ದನಿ

ಬೆಟ್ಟಗುಡ್ಡಗಳಿನ್ನೂ ಹಸಿಯಾಗಿದ್ದ ಕಾಲ ಅದು. ಬಂಡೆಯನ್ನು ಒತ್ತಿದರೆ ಬೆರಳಿನ ಗುರುತು ಮೂಡುತ್ತಿತ್ತು. ಗಾಳಿ ಮಾತಾಡುತ್ತಿತ್ತು, ನೀರು ಮಾತಾಡುತ್ತಿತ್ತು, ಮಾತು ಬಾರದವರು ಯಾರೂ ಇರಲಿಲ್ಲ.

ಆಗ ಕುದುರೆಯ ಗೊರಸಿನ ಅಡಿ ಬರೀ ಗಟ್ಟಿ. ಓಡಿ ಓಡಿ ಕಾಲು ನೊಂದು ಕುದುರೆ ಭೂಮಿತಾಯಿಯ ಮುಂದೆ ಅತ್ತಿತು. ತಾಯಿ ಗೊರಸಿನ ನಡುವೆ ಮೆತ್ತನೆಯ ದಿಂಬೊಂದನ್ನು ಇಟ್ಟಳು. ಅದು ಸರಿಯಾಗಿ ಕೂರಲೆಂದು ಎರಡೂ ಬದಿಗೆ ಬೆರಳಿನಿಂದ ಒತ್ತಿದಳು. ಒತ್ತಿದಲ್ಲಿ ಎರಡು ಸಂದು ಬಿದ್ದವು.

"ಈ ಸಂದಿನಲ್ಲಿ ಗಾಳಿ ಆಡುತ್ತಿರಲಿ," ಎಂದಳು ತಾಯಿ. ಅಷ್ಟರಲ್ಲಿ ಕುದುರೆ ಗುಡ್ಡ ದಾಟಿಯಾಗಿತ್ತು. ನಿಂತು ಮಾತು ಕೇಳುವ ವ್ಯವಧಾನ ಕುದುರೆಗೆ ಎಲ್ಲಿಯದು!

ಆ ಕುದುರೆಯ ಮಗಳು ಚುಕ್ಕಿ. ಅವಳು ಬೆಳೆದದ್ದು ಕೆಂಚವ್ವನ ಮನೆಯಲ್ಲಿ. ಕೆಂಚವ್ವನಿಗೆ ಮಕ್ಕಳಿರಲಿಲ್ಲ. ತನ್ನ ಪಾಲಿನ ರೊಟ್ಟಿಯಲ್ಲಿ ಅರ್ಧ ಮುರಿದು ಚುಕ್ಕಿಯ ಬಾಯಿಗಿಟ್ಟ ಮೇಲೆಯೇ ಅವಳು ಉಣ್ಣುವುದು.

ಆ ಮನೆಯಲ್ಲೊಂದು ಕಟ್ಟಳೆ ಇತ್ತು. ದೀಪ ಹಚ್ಚಿದ ಮೇಲೆ ಕಸ ಗುಡಿಸುವಂತಿಲ್ಲ. "ಸಂಜಿಮುಂದ ಕಸಬರಿಗಿ ಮುಟ್ಟಿದ್ರ ಲಕ್ಷ್ಮಿ ಎದ್ದು ಹೋಗ್ತಾಳ," ಎನ್ನುತ್ತಿದ್ದಳು ಅತ್ತೆ ಸೋಮವ್ವ. ಚುಕ್ಕಿ ಮೇದು ಬರುವುದೇ ದೀಪ ಹಚ್ಚುವ ಹೊತ್ತಿಗೆ. ಬಂದವಳು ಲಾಯದಲ್ಲಿ ತಾನೇ ಹಾಕಿದ ಉಚ್ಚೆ, ಲದ್ದಿಯ ಮೇಲೆ ಬೆಳಗಿನ ತನಕ ನಿಂತಿರುವಳು. ಕೆಂಚವ್ವನಿಗೆ ಕರುಳು ಚುರ್ರೆನ್ನುತ್ತಿತ್ತು, ಆದರೆ ಅತ್ತೆಗೆ ಎದುರಾಡುವವರುಂಟೇ?

ಊರಾಚೆ ಹೊಂಡದ ಕೆಸರಿನಲ್ಲಿ ಕೊಳೆ ಎಂಬುದೊಂದಿತ್ತು. ಅದಕ್ಕೆ ಕಣ್ಣಿಲ್ಲ, ಕೈಯಿಲ್ಲ, ಸ್ವಂತ ದನಿಯೂ ಇಲ್ಲ. ಯಾರ ಮಾತು ಕಿವಿಗೆ ಬಿತ್ತೋ ಅವರದೇ ದನಿಯಲ್ಲಿ ಮಾತಾಡುತ್ತಿತ್ತು. ಗಾಳಿ ಸೋಕಿದರೆ ಮಾತ್ರ ಸೊರಗಿಹೋಗುತ್ತಿತ್ತು. ಒಂದು ದಿನ ಚುಕ್ಕಿ ನೀರಿಗಿಳಿದಾಗ ಅದು ಮೆಲ್ಲಗೆ ಅವಳ ಹಿಂಗಾಲಿನ ಸಂದನ್ನು ಹೊಕ್ಕಿತು. ಒಳಗೆ ಬೆಳಕಿಲ್ಲ, ಗಾಳಿಯಿಲ್ಲ, ಮೇಲೆ ಲದ್ದಿಯ ಹೊದಿಕೆ ಬೇರೆ. ಕೊಳೆಗೆ ತವರುಮನೆ ಸಿಕ್ಕಂತಾಯಿತು.

ಮೊದಲು ಬಂದದ್ದು ವಾಸನೆ. ಎಲ್ಲೋ ಇಲಿ ಸತ್ತಿರಬೇಕೆಂದು ಕೆಂಚವ್ವ ಮೂಲೆಮೂಲೆ ಹುಡುಕಿದಳು. ಇಲಿ ಸಿಗಲಿಲ್ಲ. ಆಮೇಲೆ ಚುಕ್ಕಿ ನಡೆದಲ್ಲೆಲ್ಲ ಕರ್ರಗೆ ಕೀವಿನಂಥ ಕಲೆ ಬೀಳತೊಡಗಿತು. ಆಮೇಲೆ ಒಂದು ಸಂಜೆ, ಕೆಂಚವ್ವ ಒಲೆಯ ಮುಂದೆ ಕೂತಿದ್ದಾಗ, ಲಾಯದ ಕಡೆಯಿಂದ ಅವಳದೇ ದನಿ ಕೇಳಿಸಿತು.

"ಬಾ ನನ್ನವ್ವಾ, ಬಾ. ಹೊಂಡಕ್ಕ ಹೋಗೂಣ ಬಾ."

ಕೆಂಚವ್ವನ ಕೈಯಲ್ಲಿದ್ದ ರೊಟ್ಟಿ ಒಲೆಗೆ ಬಿತ್ತು.

"ಅತ್ತೀ, ಈಗ ನಾ ಏನರ ಮಾತಾಡಿದ್ನೇನ?"

"ಮತ್ತ್ಯಾರು? ನಿನ್ನ ದನಿ ನನಗ ಗೊತ್ತಾಗೂದಿಲ್ಲೇನ?"

ಓಡಿ ಹೋಗಿ ನೋಡಿದರೆ ಲಾಯ ಖಾಲಿ. ಕೆಂಚವ್ವ ಹೊಂಡ ತಲುಪುವಷ್ಟರಲ್ಲಿ ಚುಕ್ಕಿ ಮೊಣಕಾಲುದ್ದ ಕೆಸರಿನಲ್ಲಿದ್ದಳು.

"ಚುಕ್ಕೀ, ತಿರುಗಿ ಬಾರವ್ವಾ!" ಎಂದು ದಡದಿಂದ ಕೂಗಿದಳು.

"ಚುಕ್ಕೀ, ಇನ್ನೂ ಒಳಗ ಬಾರವ್ವಾ!" ಎಂದು ಕೆಸರಿನಡಿಯಿಂದ ಅದೇ ದನಿ ಕೂಗಿತು.

ಚುಕ್ಕಿ ಒಂದು ಕಿವಿ ಮುಂದಕ್ಕೆ, ಒಂದು ಕಿವಿ ಹಿಂದಕ್ಕೆ ತಿರುಗಿಸಿ ನಡುಗುತ್ತ ನಿಂತಳು. ಎರಡೂ ಅವಳ ಸಾಕುತಾಯಿಯ ದನಿಯೇ. ಇನ್ನೊಂದು ಹೆಜ್ಜೆ ಇಟ್ಟರೆ ಕೆಸರು ಅವಳನ್ನು ಬಿಡುವಂತಿರಲಿಲ್ಲ.

ಕೆಂಚವ್ವ ಕೂಗುವುದನ್ನು ನಿಲ್ಲಿಸಿದಳು. ತುಟಿ ಕಚ್ಚಿ ಕೆಸರಿಗಿಳಿದು ಚುಕ್ಕಿಯ ಕುತ್ತಿಗೆಯ ಮೇಲೆ ಕೈಯಿಟ್ಟಳು. ಕೊಳೆಗೆ ದನಿಯಿತ್ತು, ಕೈ ಎಲ್ಲಿತ್ತು? ಚುಕ್ಕಿ ಆ ಕೈಯ ಹಿಂದೆ ಕುಂಟುತ್ತ ಮನೆಗೆ ಬಂದಳು.

ಲಾಯದಲ್ಲಿ ಕೆಂಚವ್ವ ಆ ಹಿಂಗಾಲನ್ನು ಎತ್ತಿದಳು. ಸೋಮವ್ವ ದೀಪ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಆಗ ಗೊರಸಿನೊಳಗಿಂದ ಸೋಮವ್ವನ ದನಿ ಬಂತು.

"ದೀಪ ಹಚ್ಚಿ ಆತು. ಇನ್ನ ಗುಡಿಸೂ ಹಂಗಿಲ್ಲ. ಇದು ನನ್ನ ಮನಿ."

ತನ್ನ ಮಾತು ಕೊಳೆಯ ಬಾಯಲ್ಲಿ ಕೇಳಿ ಮುದುಕಿಯ ಮುಖ ಬಿಳಿಚಿಕೊಂಡಿತು. ಅವಳೇ ಹೋಗಿ ಕಸಬರಿಗೆ ತಂದಳು. "ತಗೋ. ಇಂಥಾ ಹೊಲಸಿನ್ಯಾಗ ಕುಂಡ್ರಾಕ ಯಾವ ಲಕ್ಷ್ಮಿ ಬರ್ತಾಳ?" ಎಂದು ತಾನೂ ಬಗ್ಗಿ ಲದ್ದಿ ಬಳಿದಳು. ದೀಪ ಆರಲಿಲ್ಲ.

"ನನಗೊಂದು ದಾರಿ ಮಾಡಿಕೊಡು," ಎಂದಿತು ಕಿಟಕಿಯ ಹತ್ತಿರ ಕಾದಿದ್ದ ಗಾಳಿ.

ಕೆಂಚವ್ವ ಹುಣಸೆ ಕಡ್ಡಿಯಿಂದ ಸಂದಿನ ಕೊಳಕನ್ನೆಲ್ಲ ಕೆರೆದು ತೆಗೆದಳು. ಸತ್ತು ಜೋತ ಚರ್ಮವನ್ನಷ್ಟೇ ಕತ್ತರಿಸಿದಳು, ಜೀವವಿದ್ದಲ್ಲಿ ಚೂರಿ ತಾಗಿಸಲಿಲ್ಲ. ಉಪ್ಪುನೀರಿನಲ್ಲಿ ತೊಳೆದು, ಬಟ್ಟೆಯಿಂದ ಒರೆಸಿ ಒಣಗಿಸಿ, ಬೇವಿನೆಣ್ಣೆಯ ಹತ್ತಿ ಇಟ್ಟಳು. ಕೆಳಗೆ ಒಣ ಹುಲ್ಲು ಹಾಸಿದಳು. ದಿನವೂ ಇದೇ ಆರೈಕೆ. ದಿನದಿನಕ್ಕೆ ಆ ದನಿ ಸಣ್ಣದಾಯಿತು. ಮುದುಕಿಯ ದನಿ ಕೂಸಿನದಾಯಿತು, ಕೂಸಿನದು ಸೊಳ್ಳೆಯದಾಯಿತು. ಕೊನೆಗೊಂದು ಬೆಳಿಗ್ಗೆ ಸಂದಿನಲ್ಲಿ ಗಾಳಿಯ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಕೆಂಚವ್ವ ಆ ಗೊರಸನ್ನು ಮಡಿಲಲ್ಲಿಟ್ಟುಕೊಂಡು ಅತ್ತಳು.

ಕೊಳೆ ಸಾಯಲಿಲ್ಲ. ಎಲ್ಲಿ ಹಸಿ ಲದ್ದಿ ಬಿದ್ದಿದೆಯೋ ಅಲ್ಲಿ ಅದು ಈಗಲೂ ಕಾದಿದೆ. ಅದಕ್ಕೇ ಕುದುರೆ ಸಾಕಿದವರು ದಿನವೂ ಕಾಲೆತ್ತಿ ಕೆರೆದು, ಮೂಸಿ ನೋಡುತ್ತಾರೆ. ನೀವೂ ನೋಡಿ, ಸುಮ್ಮನೆ ನಿಂತ ಕುದುರೆ ಒಂದು ಹಿಂಗಾಲನ್ನು ಸಡಿಲಬಿಟ್ಟು, ಗೊರಸಿನ ತುದಿಯನ್ನಷ್ಟೇ ನೆಲಕ್ಕೂರಿ, ಒಂದು ಕಿವಿಯನ್ನು ಹಿಂದಕ್ಕೆ ತಿರುಗಿಸಿರುತ್ತದೆ. ಸಂದಿಗೆ ಗಾಳಿ ಬಿಟ್ಟುಕೊಳ್ಳುತ್ತ, ಕೆಳಗಿನಿಂದ ಯಾರಾದರೂ ತನ್ನ ತಾಯಿಯ ದನಿಯಲ್ಲಿ ಕರೆಯುತ್ತಿದ್ದಾರೆಯೇ ಎಂದು ಅದು ಇಂದಿಗೂ ಆಲಿಸುತ್ತಿದೆ.