ಅರ್ಧ ಸುತ್ತು ಸಡಿಲಿಸಿದ ಬೋಲ್ಟು

“ಗುರುಗಳೇ, ಹೊಟ್ಟೆಕಿಚ್ಚು ಇದ್ದೂ ಯಾರಿಗೂ ಕೇಡಾಗದಿದ್ದರೆ, ಅದೂ ತಪ್ಪೇ?” ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಅವನ ಮುಖವನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿದರು. ಆಮೇಲೆ ಕತೆ ಶುರುಮಾಡಿದರು.

ಒಂದೂರಿನಲ್ಲಿ ಒಬ್ಬ ಗಡಿಯಾರ ರಿಪೇರಿಯವನು, ಒಬ್ಬ ದರ್ಜಿ. ಇಬ್ಬರಿಗೂ ಕಾಲಿನಲ್ಲಿ ಬಲವಿರಲಿಲ್ಲ, ಗಾಲಿಕುರ್ಚಿಯಲ್ಲೇ ಓಡಾಟ. ಅವರ ಅಂಗಡಿಗಳು ಏರಿನ ಕೆಳಗೆ, ಚಹಾದಂಗಡಿ ಏರಿನ ಮೇಲೆ. ಆ ಏರು ಎಂಥದೆಂದರೆ, ಆಡುಗಳೂ ನಡುವೆ ಕೂತು ಸುಧಾರಿಸಿಕೊಳ್ಳುತ್ತಿದ್ದವು. ಹೋಗಲಿ, ಆಡುಗಳನ್ನು ನಾನು ಸೇರಿಸಿದೆ. ಏರು ಮಾತ್ರ ನಿಜ.

ದಿನಾ ಸಂಜೆ ಇಬ್ಬರೂ ಕೈಯಿಂದ ಗಾಲಿ ತಳ್ಳಿಕೊಂಡು ಏರು ಹತ್ತುವರು. ಮೊದಲು ಮುಟ್ಟಿದವನು ತನಗೆ ಬೇಕಾದಂಥ ಚಹಾ ಹೇಳಬೇಕು, ಎರಡನೆಯವನು ಅದನ್ನೇ ತೆಪ್ಪಗೆ ಕುಡಿಯಬೇಕು. ಅದು ಅವರ ಕರಾರು. ಗಡಿಯಾರದವನ ತೋಳು ಗಟ್ಟಿ. ಹನ್ನೊಂದು ವರ್ಷ ಅವನೇ ಮೊದಲು. ಹನ್ನೊಂದು ವರ್ಷ ದರ್ಜಿ ಸಕ್ಕರೆಯಿಲ್ಲದ ಚಹಾ ಕುಡಿದ. “ಬಾರೋ ಕತ್ತರಿ, ನಿನ್ನ ಚಹಾ ಕೆನೆಗಟ್ಟಿತು!” ಎಂದು ಮೇಲಿನಿಂದ ಕೂಗುವುದರಲ್ಲಿ ಗಡಿಯಾರದವನಿಗೆ ಚಹಾಕ್ಕಿಂತ ಹೆಚ್ಚು ರುಚಿಯಿತ್ತು.

ಒಂದು ದಿನ ದರ್ಜಿ ಮೋಟಾರು ತರಿಸಿದ. ಒಂದು ಹ್ಯಾಂಡಲ್ಲು, ಒಂದು ಬ್ಯಾಟರಿ, ಒಂದೇ ಚಕ್ರ. ಕುರ್ಚಿಯ ಮುಂದೆ ಬೋಲ್ಟು ಹಾಕಿ ಬಿಗಿದರೆ ಮುಂದಿನ ಪುಟ್ಟ ಗಾಲಿಗಳು ನೆಲ ಬಿಟ್ಟು ಏಳುತ್ತಿದ್ದವು. ಆ ಒಂಟಿ ಚಕ್ರವೇ ಕುರ್ಚಿಯನ್ನು ಎಳೆದುಕೊಂಡು ಹೋಗುತ್ತಿತ್ತು. ಅಂದು ಸಂಜೆ ಗಡಿಯಾರದವನು ಇನ್ನೂ ಅರ್ಧ ಏರಿನಲ್ಲಿದ್ದಾಗಲೇ ಮೇಲಿನಿಂದ ದನಿ ಬಂತು: “ವಾಚಪ್ಪಾ, ಎರಡು ಚಮಚ ಸಕ್ಕರೆ ಹಾಕಿಸಿದ್ದೀನಿ. ನಿಧಾನಕ್ಕೆ ಬಾ!”

ಆ ‘ನಿಧಾನಕ್ಕೆ ಬಾ’ ಗಡಿಯಾರದವನ ಹೊಟ್ಟೆಯಲ್ಲಿ ಕೆಂಡದ ಹಾಗೆ ಕೂತಿತು. ಮರುದಿನ ದರ್ಜಿ, “ನನ್ನ ಕುರ್ಚಿ ಹಿಂದೆ ಹಿಡ್ಕೋ, ಎಳ್ಕೊಂಡು ಹೋಗ್ತೀನಿ,” ಎಂದಾಗ ಕೆಂಡಕ್ಕೆ ಗಾಳಿ ಹಾಕಿದಂತಾಯಿತು.

ವಾರ ಕಳೆದ ಮೇಲೆ ದರ್ಜಿಯೇ ಬಂದ. “ಈ ಬೋಲ್ಟು ಯಾಕೋ ಕಿರುಗುಡ್ತಿದೆ, ನೋಡು. ನಿನ್ನ ಕೈ ಬಿಟ್ಟು ಇನ್ಯಾರ ಕೈ ನಂಬಲಿ?” ಗಡಿಯಾರದವನು ಒರೆಸಿದ, ಎಣ್ಣೆ ಬಿಟ್ಟ, ಕೊನೆಗೆ ಬಿಗಿಯಬೇಕಾದ ಬೋಲ್ಟನ್ನು ಅರ್ಧ ಸುತ್ತು ಸಡಿಲಿಸಿ ಕೊಟ್ಟ. ಏರಿನ ನಡುವೆ ಮೋಟಾರು ಕಳಚಿ ದರ್ಜಿ ಪೆಚ್ಚಾಗಿ ನಿಲ್ಲಬೇಕು. ಅವನಿಗೆ ಬೇಕಾಗಿದ್ದು ಅಷ್ಟೇ.

ಏರುವಾಗ ಏನೂ ಆಗಲಿಲ್ಲ. ಚಹಾ ಕುಡಿಯುವಾಗ ಗಡಿಯಾರದವನಿಗೆ ಇಳಿಜಾರಿನ ನೆನಪಾಯಿತು. ಇಳಿಯುವಾಗ ಕಳಚಿದರೆ ದರ್ಜಿ ಪೆಚ್ಚಾಗಿ ನಿಲ್ಲುವುದಿಲ್ಲ. ಮುಖ ಅಡಿಯಾಗಿ ಕಲ್ಲಿನ ಮೇಲೆ ಬೀಳುತ್ತಾನೆ. ಹೇಳಿದರೆ ಮಾನ ಹೋಗುತ್ತದೆ, ಹೇಳದಿದ್ದರೆ ಗೆಳೆಯ ಹೋಗುತ್ತಾನೆ. ಅವನು ತನ್ನ ಕುರ್ಚಿಯನ್ನು ದರ್ಜಿಯ ಮುಂದಕ್ಕೆ ತಂದು ಅಡ್ಡ ಹಿಡಿದ. “ಮೆಲ್ಲಗೆ ಕಣೋ ಕತ್ತರಿ, ಮೆಲ್ಲಗೆ!” ಎನ್ನುತ್ತಾ ಗಾಲಿಯನ್ನು ಅಂಗೈಯಲ್ಲಿ ತಡೆ ತಡೆದು ಇಳಿದ. ಅಂಗೈಯಲ್ಲಿ ಬೊಬ್ಬೆಗಳು ಎದ್ದವು. ಮರುದಿನವೂ ಹಾಗೇ: ಬೋಲ್ಟು ಬಿಗಿಯಲು ಮನಸ್ಸು ಬರಲಿಲ್ಲ, ಗೆಳೆಯನನ್ನು ಬೀಳಲು ಬಿಡಲೂ ಬರಲಿಲ್ಲ. ಒಂಬತ್ತು ದಿನ ಹಾಗೇ.

ಊರಿನವರು, “ಗೆಳೆತನ ಅಂದರೆ ಇದು!” ಎಂದರು. ಒಂಬತ್ತನೆಯ ದಿನ ದರ್ಜಿ ಮೊದಲು ಹೋಗಿ ಸಕ್ಕರೆಯಿಲ್ಲದ ಚಹಾ ಹೇಳಿ ಕಾದಿದ್ದ. “ಮೋಟಾರು ಬಂದ ಮೇಲೆ ನಿನಗೆ ಹೊಟ್ಟೆಯುರಿ ಅಂದ್ಕೊಂಡಿದ್ದೆ ಕಣೋ. ತಪ್ಪಾಯ್ತು,” ಎಂದ. ಗಡಿಯಾರದವನು ಲೋಟವನ್ನು ಹಾಗೇ ಕೆಳಗಿಟ್ಟ.

ಹತ್ತನೆಯ ದಿನ ಅವನು, “ಎಣ್ಣೆ ಬಿಡಬೇಕು, ಇಲ್ಲಿ ತಾ,” ಎಂದು ಬೋಲ್ಟು ಬಿಗಿದ. ಬಿಗಿಯುವಾಗಲೂ, ‘ಇಂಥದೊಂದು ನನಗೇಕಿಲ್ಲ?’ ಎಂಬುದು ಮನಸ್ಸಿನಿಂದ ಹೋಗಿರಲಿಲ್ಲ.

ಶಿಷ್ಯ ಉಸಿರು ಬಿಟ್ಟ. “ಹಾಗಾದರೆ ಯಾರಿಗೂ ಕೇಡಾಗಲಿಲ್ಲವಲ್ಲ, ಗುರುಗಳೇ.”

“ಗಡಿಯಾರದವನ ಮಾತು ಮುಗಿಯಿತು, ನೀನು ಈಗ ಯಾರಿಗೆ ಏನು ಮಾಡಿಟ್ಟು ಬಂದಿದ್ದೀಯೆ, ಅದನ್ನು ಹೇಳು,” ಎಂದರು ಗುರುಗಳು.