ಏರಿಯ ಕೆಳಗಿನ ಸುರಂಗ

ಕಾಡಿನ ಕೆರೆಯ ಏರಿಯ ಮೇಲೆ ಒಂದು ಚಪ್ಪಡಿಕಲ್ಲು ಇತ್ತು. ಕಾಡಿನ ಅಧ್ಯಕ್ಷರಾದವರು ಕೂರುವ ಜಾಗ ಅದು. ಆನೆ ಅಲ್ಲಿ ಕೂತದ್ದನ್ನು ಕಂಡಾಗಲೆಲ್ಲ ಕಾಡುಹಂದಿಗೆ ಹೊಟ್ಟೆ ಉರಿಯುತ್ತಿತ್ತು. ತಾನು ತಿನ್ನುವುದೂ ಇದೇ ಕಾಡಿನ ಸೊಪ್ಪುಸದೆ, ಅದೊಂದೇ ಇಷ್ಟು ದಪ್ಪಗಾಗುವುದು ಹೇಗೆ? ಕದಿಯದೆ ಸಾಧ್ಯವೇ ಇಲ್ಲ.

ಹಂದಿ ನೆಲ ಕೆದಕಿ, ಎರೆಹುಳು ಎಬ್ಬಿಸಿ, ಕಾಗೆಯ ಮುಂದೆ ಗುಡ್ಡೆ ಹಾಕಿತು.

"ಕಾಗಣ್ಣ, ಹೊಟ್ಟೆ ತುಂಬ ತಿನ್ನು. ಆಮೇಲೆ ಕಾಡೆಲ್ಲ ಸಾರು. ಆ ಕಲ್ಲಿನ ಕೆಳಗೆ ಸುರಂಗ ಇದೆ, ನಮ್ಮ ಕೆರೆಯ ನೀರನ್ನು ಆನೆ ಅದರಲ್ಲೇ ಸಾಗಿಸುತ್ತಿದೆ."

"ನೀನು ಕಣ್ಣಾರೆ ಕಂಡೆಯಾ?"

"ಕಣ್ಣಿಗೆ ಕಂಡರೆ ಅದು ಸುರಂಗ ಹೇಗಾದೀತು?"

ಬೇಸಿಗೆಯಲ್ಲಿ ಕೆರೆ ತಗ್ಗಿತು, ಪ್ರಾಣಿಗಳು ಕಾಗೆಯನ್ನು ನಂಬಿದವು. "ಇದು ಬಿಸಿಲಿನ ಕೆಲಸ" ಎಂದು ಆನೆ ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ಆನೆಯನ್ನು ಕಲ್ಲಿನಿಂದ ಇಳಿಸಿ ಹಂದಿಯನ್ನು ಕೂರಿಸಿದವು.

ಕೂತರೂ ಹಂದಿಗೆ ನೆಮ್ಮದಿ ಇಲ್ಲ. ಹೇಳಿ ಹೇಳಿ ತನ್ನ ಮಾತನ್ನು ತಾನೇ ನಂಬಿಬಿಟ್ಟಿತ್ತು. ಆನೆಗೆ ಸಿಕ್ಕಿದ್ದು ನನಗೇಕೆ ಸಿಗಬಾರದು ಎಂದು ಕಲ್ಲು ಉರುಳಿಸಿ, ಏರಿಗೆ ಮೂತಿ ಇಟ್ಟು ಅಗೆಯಿತು. ಮಣ್ಣಿನ ಕೆಳಗೆ ಮಣ್ಣೇ ಇತ್ತು. ಇನ್ನೂ ಅಗೆಯಿತು. ಕೊನೆಗೆ ಏರಿ ತೂತು ಬಿದ್ದು, ಉಳಿದಿದ್ದ ನೀರೆಲ್ಲ ಆಚೆಗೆ ನುಗ್ಗಿತು.

ಸದ್ದು ಕೇಳಿ ಪ್ರಾಣಿಗಳು ಓಡಿಬಂದವು. "ನೋಡಿ, ಆನೆಯ ಸುರಂಗವನ್ನು ಅಧ್ಯಕ್ಷರು ಪತ್ತೆ ಮಾಡಿದ್ದಾರೆ" ಎಂದಿತು ಕಾಗೆ.

ಹಂದಿ ಮೂತಿಯ ಕೆಸರು ಒರೆಸಿಕೊಂಡು, "ನಾನು ಆಗಲೇ ಹೇಳಿರಲಿಲ್ಲವೇ?" ಎಂದಿತು.