ಹನ್ನೆರಡು ಕಂಬಗಳು

ಕಡಲೊಳಗೆ ಕಂಬ ನೆಟ್ಟು ಅಟ್ಟಣೆ ಕಟ್ಟುವುದರಲ್ಲಿ ಸುಬ್ರಾಯಾಚಾರ್ಯರನ್ನು ಮೀರಿಸುವವರಿರಲಿಲ್ಲ. ಅವರು ಪ್ರಾಯದಲ್ಲಿ ಕಟ್ಟಿದ ದೀಪದ ಅಟ್ಟಣೆ ನಲವತ್ತು ಮಳೆಗಾಲ ಕಂಡೂ ಆಳನೀರಿನಲ್ಲಿ ನೆಟ್ಟಗೆ ನಿಂತಿತ್ತು. ನೋಡಿದವರು ಕೈ ಮುಗಿಯುತ್ತಿದ್ದರು.

ಶಿಷ್ಯ ಹೊನ್ನಪ್ಪನೂ ಕಡಿಮೆಯವನಲ್ಲ. ಊರಿನ ಮುದುಕರ ತಲೆ ತಿಂದು ಅರವತ್ತು ವರ್ಷದ ಬಿರುಗಾಳಿಗಳನ್ನು ಬರೆದಿಟ್ಟಿದ್ದ. ಕಲ್ಲಿನ ತೊಟ್ಟಿಯಲ್ಲಿ ಗೇಣುದ್ದದ ಅಟ್ಟಣೆ ನಿಲ್ಲಿಸಿ, ಅಲೆ ಎಬ್ಬಿಸಿ, ಯಾವ ಗಾಳಿಗೆ ಯಾವ ಕಂಬದ ಮೇಲೆ ಎಷ್ಟು ಹೊಡೆತ ಎಂದು ಅಳೆದಿದ್ದ.

ಆ ವರ್ಷ ಕಡಲಿನ ಎರಡು ಅಟ್ಟಣೆಗಳಿಗೆ ಆಸರೆ ಕೊಡಲು ಸಿಕ್ಕಿದ್ದು ಹನ್ನೆರಡೇ ಕಂಬ. ಒಂದು ಅಟ್ಟಣೆಗೆ ಸಾಕು, ಎರಡಕ್ಕೆ ಸಾಲದು.

“ಯಾವುದಕ್ಕೆ ಹಾಕೋಣ?” ಎಂದರು ಗುರುಗಳು.

“ದೀಪದ ಅಟ್ಟಣೆಗೆ. ಮಹಾ ಚಂಡಮಾರುತ ಬಂದರೆ ಅದು ಉಳಿಯುವುದಿಲ್ಲ, ಗುರುಗಳೇ.”

“ಬಲೆ ಕಾಯುವವರ ಚಿಕ್ಕ ಅಟ್ಟಣೆ?”

“ದಿಢೀರ್ ಗಾಳಿಗೆ ಅದೂ ಮುರಿಯಬಹುದು. ಆದರೆ ಎಂಟು ದಿನದಲ್ಲಿ ಮತ್ತೆ ಕಟ್ಟಬಹುದು. ನಿಮ್ಮದರಂಥದ್ದು ಇನ್ನೊಂದು ಹುಟ್ಟುವುದಿಲ್ಲ.”

ಗುರುಗಳು ಅವನ ಹಾಳೆಗಳನ್ನೆಲ್ಲ ನಿಧಾನವಾಗಿ ಓದಿದರು. “ನಾನು ನಲವತ್ತು ವರ್ಷದಲ್ಲಿ ಕಾಣದ್ದನ್ನು ನೀನು ತೊಟ್ಟಿಯಲ್ಲಿ ಕಂಡಿದ್ದೀಯ,” ಎಂದರು. ಅದು ಬಾಯುಪಚಾರದ ಮಾತಲ್ಲ.

“ಮಹಾ ಚಂಡಮಾರುತ ಎಷ್ಟು ಮುಂಚೆ ಸುಳಿವು ಕೊಡುತ್ತದೆ?”

“ಎರಡು ದಿನ. ದೀಪದವರೆಲ್ಲ ದಡ ಸೇರಿಬಿಡುತ್ತಾರೆ.”

“ದಿಢೀರ್ ಗಾಳಿ?”

“ಮೋಡ ಕಂಡ ಮೇಲೆ ಒಂದು ಜಾವ, ಮೂರೇ ಗಂಟೆ.”

ಗುರುಗಳು ಎದ್ದು ದೋಣಿಯ ಹಗ್ಗ ಬಿಚ್ಚಿದರು. “ಮೋಡ ಈಗ ಕಂಡಿತು ಅಂದುಕೋ. ಚಿಕ್ಕ ಅಟ್ಟಣೆಯಲ್ಲಿ ಆರು ಜನ ಇದ್ದಾರೆ, ಅವರ ಹತ್ತಿರ ದೋಣಿ ಇಲ್ಲ. ಹೋಗಿ ಕರಕೊಂಡು ಬಾ ಮಾರಾಯ.”

ಬೆಳಗಿನ ಹೊತ್ತು. ಕಡಲು ಶಾಂತವಾಗಿತ್ತು. ಹೊನ್ನಪ್ಪ ಅಂಗೈಯಲ್ಲಿ ಬೊಬ್ಬೆ ಏಳುವ ತನಕ ಹುಟ್ಟು ಹಾಕಿದ. ಆರು ಜನರನ್ನು ಇಳಿಸಿಕೊಂಡು ದಡ ಮುಟ್ಟಿದಾಗ ಸೂರ್ಯ ಮುಳುಗುತ್ತಿದ್ದ.

“ಅರ್ಧ ಎಳೆದ ಬಲೆ ಬಿಟ್ಟು ಬಂದೆವು,” ಎಂದು ಬಲೆಯ ದೇವಮ್ಮ ಬಯ್ದಳು. “ಏನು ಪ್ರಳಯ ಆಯ್ತು ಅಂತ ಕರೆದೆ, ಹೇಳು!”

ಹೊನ್ನಪ್ಪ ಮುಳುಗುವ ಸೂರ್ಯನನ್ನು ನೋಡಿದ. ಅವನ ಲೆಕ್ಕದಲ್ಲಿ ದೇವಮ್ಮ ಮಧ್ಯಾಹ್ನಕ್ಕೆ ಮೊದಲೇ ಸತ್ತುಹೋಗಿದ್ದಳು.

ಮಾರನೆಯ ದಿನ ಹನ್ನೆರಡು ಕಂಬಗಳೂ ಚಿಕ್ಕ ಅಟ್ಟಣೆಗೆ ಹೋದವು. ಮೊದಲ ಕಂಬವನ್ನು ಗುರುಗಳೇ ಹೊತ್ತು ದೋಣಿಗೆ ಹಾಕಿದರು. ಸ್ವಂತ ಕೈಯಲ್ಲಿ ಕಟ್ಟಿದ್ದನ್ನು ಹೀಗೆ ಬಿಟ್ಟುಕೊಡಲು ಎಂಥ ಎದೆ ಬೇಕು! ನನಗಂತೂ ಆ ಎದೆ ಇಲ್ಲ.

ಆ ಮಳೆಗಾಲದಲ್ಲಿ ದಿಢೀರ್ ಗಾಳಿ ಎರಡು ಸಲ ಎದ್ದಿತು. ಚಿಕ್ಕ ಅಟ್ಟಣೆ ನರಳಿತು, ಮುರಿಯಲಿಲ್ಲ. ಆರು ಜನರೂ ಕಂಬ ತಬ್ಬಿಕೊಂಡು ಬದುಕಿದರು.

ಕೊನೆಗೆ ಮಹಾ ಚಂಡಮಾರುತವೂ ಬಂತು. ಸುಳಿವು ಸಿಕ್ಕಿದ್ದರಿಂದ ಎರಡೂ ಅಟ್ಟಣೆಯವರು ಮೊದಲೇ ದಡ ಸೇರಿದ್ದರು. ಗಾಳಿ ಇಳಿದ ಬೆಳಿಗ್ಗೆ ನೋಡಿದರೆ ಆಳನೀರಿನಲ್ಲಿ ಏನೂ ಇರಲಿಲ್ಲ.

ಹೊನ್ನಪ್ಪ ಬಿಕ್ಕಿ ಬಿಕ್ಕಿ ಅತ್ತ. “ಆ ಕಂಬಗಳು ಅಲ್ಲಿದ್ದಿದ್ದರೆ ನಿಮ್ಮ ಅಟ್ಟಣೆ ಉಳಿಯುತ್ತಿತ್ತು, ಗುರುಗಳೇ.”

ಗುರುಗಳ ಕಣ್ಣೂ ಒದ್ದೆಯಾಗಿತ್ತು.

“ಉಳಿಯುತ್ತಿತ್ತು ಮಗಾ, ನಿನ್ನ ಲೆಕ್ಕ ಸರಿಯಾಗಿಯೇ ಇತ್ತು. ಈಗ ಹೋಗಿ, ಗಂಜಿಗೆ ಎಷ್ಟು ಜನ ಇದ್ದಾರೆ ಎಣಿಸು.”